ಬನ್ನಮ್ಮನ ಹೊಟ್ಟೆಗಡಿಯಾರ

ಮಾರ್ಚ್ ೧೬, ಭಾನುವಾರ
ಬೇಕರಿಯ ಹಿಂದಿನ ಕೋಣೆಯಿಂದ

ಪ್ರೀತಿಯ ಪುಟ್ಟಿಗೆ,

ಅಮ್ಮನ ಮುತ್ತುಗಳು. ನಾನು ಚೆನ್ನಾಗಿದ್ದೇನೆ, ನಿನ್ನ ಚಿಕ್ಕಪ್ಪ ಚೆನ್ನಾಗಿದ್ದಾನೆ, ಭಟ್ಟಿಯೂ ಚೆನ್ನಾಗಿದೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಹಿಟ್ಟಿನ ಮೂಟೆಗಳ ಮೇಲಿನ ಗೂಡಿನಲ್ಲಿಟ್ಟಿದ್ದೆ, ಹೋಗುವಾಗ ಬರುವಾಗ ಕಣ್ಣಿಗೆ ಬೀಳುತ್ತಲೇ ಇತ್ತು. ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಸೋಮಾರಿತನವಲ್ಲ ಕಣೇ, ನೀನು ಕೇಳಿದ ಪ್ರಶ್ನೆ ಅಂಥದು. "ಆಪರೇಷನ್ನಿಂದ ಏನು ಸಿಗುತ್ತೆ ಅಂತ ಡಾಕ್ಟರು ಹೇಳಿದಾರೆ. ನೀನು ಏನು ಕಳ್ಕೊಂಡೆ, ಅದನ್ನ ಹೇಳಮ್ಮ. ಅದು ತಿಳಿಯದೆ ನಾನು ಹೂಂ ಅನ್ನಲ್ಲ," ಎಂದು ಬರೆದಿದ್ದೀಯ. ತಿಂಗಳ ಕೊನೆಗೆ ಆಸ್ಪತ್ರೆಯವರಿಗೆ ಹೂಂ ಅಥವಾ ಉಹೂಂ ಹೇಳಬೇಕು ಎಂಬುದು ನೆನಪಿದೆ.

ಬಸ್ಸಿನ ಸ್ಟೇರಿಂಗಿಗೂ ನಿನ್ನ ಹೊಟ್ಟೆಗೂ ನಡುವೆ ಈಗ ಗಾಳಿಯೂ ಆಡುವುದಿಲ್ಲ ಎಂದು ಓದಿ ನಕ್ಕೆ. ಮಧ್ಯಾಹ್ನದ ಟ್ರಿಪ್ಪಿನಲ್ಲಿ ಪಾದ ಜೋಮು ಹಿಡಿದು ಬ್ರೇಕು ಎಲ್ಲಿದೆಯೆಂದೇ ತಿಳಿಯಲಿಲ್ಲ ಎಂದು ಓದಿ ನಗು ನಿಂತಿತು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಂತಾರೆ. ನಿನಗೆ ನನ್ನ ಮೂಗೊಂದು ಬಂದಿದ್ದರೆ ಸಾಕಿತ್ತು, ಸಕ್ಕರೆ ಕಾಯಿಲೆಯೂ ಬಂತು.

ಮೊದಲು ಇಲ್ಲಿಯ ಸುದ್ದಿ. ನಾನು ಆಸ್ಪತ್ರೆಯಿಂದ ಬಂದ ವಾರ ಪಕ್ಕದ ಸಲೂನಿನವನು ಬ್ರೆಡ್ಡು ಕೊಳ್ಳುವ ನೆವದಲ್ಲಿ ಬಂದು, "ಏನು ಬನ್ನಮ್ಮ, ಬಾಯಿಗೆ ಬೀಗ ಹಾಕೋದು ಬಿಟ್ಟು ಹೊಟ್ಟೆಗೆ ಕತ್ತರಿ ಹಾಕಿಸ್ಕೊಂಡ್ರಂತೆ?" ಎಂದ. "ನಿನ್ನ ಕತ್ತರಿಗಿಂತ ನೆಟ್ಟಗಿತ್ತಪ್ಪ ಅದು," ಎಂದೆ. ಅವನಿಗಿಂತ ಅವನ ಗಿರಾಕಿಯೇ ಹೆಚ್ಚು ನಕ್ಕ. ಆದರೆ ಅವನನ್ನು ಅಂದು ಏನು ಪ್ರಯೋಜನ? ಎಲ್ಲ ಬಾಯಿಚಪಲದ ತಪ್ಪು ಎಂದು ನಾನೂ ಎಷ್ಟೋ ವರ್ಷ ನಂಬಿದ್ದವಳೇ. ಪಥ್ಯ ಮಾಡಿದಾಗಲೆಲ್ಲ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಬಿಟ್ಟ ಹಾಗಾಗುತ್ತಿತ್ತು. ಇಳಿದ ತೂಕ ನೆಂಟರನ್ನು ಕರೆದುಕೊಂಡು ವಾಪಸು ಬರುತ್ತಿತ್ತು.

ನನ್ನ ಡಾಕ್ಟರಮ್ಮ ಹೇಳಿದ್ದು ಒಂದು ಮಾತು: "ಹಸಿವು ನಿಮ್ಮ ದುರಾಸೆ ಅಲ್ಲಮ್ಮ. ಅದೊಂದು ಸುದ್ದಿ. ಹೊಟ್ಟೆ ಕಳಿಸುತ್ತೆ, ತಲೆ ಓದುತ್ತೆ." ಆಮೇಲೆ ಅವರು ಕೊಟ್ಟ ಪುಸ್ತಕ, ಗ್ರಂಥಾಲಯದ ಪುಸ್ತಕ, ಸಿಕ್ಕಿದ್ದನ್ನೆಲ್ಲ ಓದಿದೆ. ನನ್ನ ಬುದ್ಧಿಗೆ ಎಟುಕಿದ್ದು ಇಷ್ಟು. ಹೊಟ್ಟೆಯ ಮೇಲ್ಭಾಗದಲ್ಲಿ ಗ್ರೆಲಿನ್ ಎಂಬ ಹಾರ್ಮೋನು ಹುಟ್ಟುತ್ತದಂತೆ. ಅದು ನಮ್ಮ ಕೌಂಟರಿನ ಹಾಗೆ, ಮಾಲು ಬರಲಿ, ಮಾಲು ಬರಲಿ ಎಂದು ತಲೆಗೆ ಕೂಗುತ್ತದೆ. ಕರುಳಿನ ಕೊನೆಯಲ್ಲಿ ಬೇರೆ ಹಾರ್ಮೋನುಗಳಿವೆ. ಅವು ಉಗ್ರಾಣದವರು. ಭರ್ತಿಯಾಯಿತು, ಸಾಕು ಎನ್ನುತ್ತವೆ, ಇನ್ಸುಲಿನ್ ಬಿಡಿ ಎಂದು ಒಳಗಿನ ಗ್ರಂಥಿಯನ್ನೂ ತಟ್ಟಿ ಎಬ್ಬಿಸುತ್ತವೆ. ನಮ್ಮಂಥ ಮೈಯಲ್ಲಿ ಈ ಉಗ್ರಾಣದವರ ದನಿ ಸಣ್ಣದು. ಡಾಕ್ಟರಮ್ಮ ಕೌಂಟರಿನ ಸಮೇತ ಹೊಟ್ಟೆಯ ಬಹುಪಾಲನ್ನು ತೆಗೆದು, ಬಾಳೆಹಣ್ಣಿನ ಆಕಾರದ್ದೊಂದನ್ನು ಉಳಿಸಿದರು. ಈಗ ತಿಂದದ್ದು ಬೇಗ ಕರುಳಿಗೆ ಇಳಿಯುತ್ತದೆ, ಉಗ್ರಾಣದವರು ಬೇಗ ಎಚ್ಚರಗೊಳ್ಳುತ್ತಾರೆ.

ನಂಬುತ್ತೀಯಾ, ಆಸ್ಪತ್ರೆಯಲ್ಲಿರುವಾಗಲೇ ಸಕ್ಕರೆ ಇಳಿಯಿತು. ಮೈ ಮಾತ್ರ ಹಾಗೇ ಇತ್ತು, ಮಗ್ಗುಲಾದರೆ ಮಂಚ ಕಿರುಗುಟ್ಟುತ್ತಿತ್ತು. ನರ್ಸಮ್ಮ ಯಂತ್ರ ಕೆಟ್ಟಿರಬೇಕೆಂದು ಇನ್ನೊಂದು ತಂದಳು. ಅದೂ ಅದನ್ನೇ ಹೇಳಿತು. ಈಗ ಇನ್ಸುಲಿನ್ ಸೂಜಿ ಇಲ್ಲ, ಒಂದೇ ಒಂದು ಮಾತ್ರೆ ಉಳಿದಿದೆ, ಜೊತೆಗೆ ಜೀವಮಾನವಿಡೀ ನುಂಗಬೇಕಾದ ವಿಟಮಿನ್ನುಗಳು. ಎಲ್ಲರಿಗೂ ಹೀಗೇ ಆಗುವುದಿಲ್ಲವಂತೆ. ಕೆಲವರಿಗೆ ವರ್ಷಗಳ ಮೇಲೆ ಸಕ್ಕರೆ ಮರಳುತ್ತದೆ, ಹಸಿವೂ ಸ್ವಲ್ಪ ಮರಳಬಹುದು ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ನಿನ್ನ ತಿಂಗಳ ಏರುಪೇರಿನ ಬಗ್ಗೆಯೂ ಕೇಳಿದೆ. ತೂಕ ಇಳಿದರೆ ಅದೂ ದಾರಿಗೆ ಬರುವುದುಂಟು ಎಂದರು.

ಇನ್ನು ಬೇಕರಿಯ ಕಥೆ ಕೇಳು. ಭಟ್ಟಿಯ ಮುಂದೆ ನಾವು ಗಡಿಯಾರ ಇಟ್ಟವರಲ್ಲ, ನಿನಗೆ ಗೊತ್ತು. ಬ್ರೆಡ್ಡು ಬೇಯುವ ಪರಿಮಳ ಹದಕ್ಕೆ ಬಂದಾಗ ನನ್ನ ಹೊಟ್ಟೆ ಗುರ್ರೆನ್ನಬೇಕು, ನಾನು 'ತೆಗಿ' ಅನ್ನಬೇಕು, ಆಗ ಭಟ್ಟಿಯ ಬಾಗಿಲು ತೆರೆಯಬೇಕು. ನಿಮ್ಮಪ್ಪ ಇದ್ದಾಗಿನಿಂದಲೂ ಇದೇ ಪದ್ಧತಿ. ಆಪರೇಷನ್ನಿನ ನಂತರ ಕೆಲಸಕ್ಕೆ ಇಳಿದ ಮೊದಲ ದಿನ ನಾನು ಎಂದಿನಂತೆ ಬಾಗಿಲ ಬಳಿ ನಿಂತೆ. ಪರಿಮಳ ಬಂತು. ಹೊಟ್ಟೆ ಪಿಟ್ಟೆನ್ನಲಿಲ್ಲ. ಇನ್ನೂ ಹೊತ್ತಿದೆಯೆಂದು ನಾನು ನಿಂತೆ, ಅತ್ತಿಗೆ ಹೇಳಲಿಲ್ಲವೆಂದು ನಿನ್ನ ಚಿಕ್ಕಪ್ಪ ಉದ್ದ ಹಿಡಿಯ ಹಲಗೆ ಹಿಡಿದು ನಿಂತ. ಹೊಗೆ ಬಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ನೀವು ಹೇಳ್ಲೇ ಇಲ್ಲ ಅತ್ತಿಗೆ," ಎಂದ.

"ನಂಗೇ ಯಾರೂ ಹೇಳ್ಲಿಲ್ಲ ಕಣಯ್ಯ," ಎಂದೆ.

ಇಡೀ ಭಟ್ಟಿ ಇದ್ದಿಲು. ಗಡಿಯಾರವನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದಿದ್ದೀನಿ ಎಂದು ಹೇಳಿದ ಮೇಲೆ ಅವನು ಹಿಟ್ಟಿನ ಮೂಟೆಯ ಮೇಲೆ ಕೂತು ನಕ್ಕಿದ್ದೇ ನಕ್ಕಿದ್ದು. ಈಗ ನಿಮ್ಮಪ್ಪನ ವಿದ್ಯೆ ಹಿಡಿದಿದ್ದೇನೆ. ಒಂದು ಬ್ರೆಡ್ಡು ಹೊರತೆಗೆದು ತಳ ತಟ್ಟುವುದು. ಟೊಳ್ಳು ಸದ್ದು ಬಂದರೆ ಬೆಂದಿದೆ. ನಾನು 'ತೆಗಿ' ಅಂದ ಮೇಲೂ ಅವರು ಹಾಗೆ ತಟ್ಟಿ ಕಿವಿಗೊಡುವಾಗ, ಮಗುವಿನ ಬೆನ್ನು ತಟ್ಟಿ ತೇಗು ಬರಿಸ್ತಿದೀರಾ ಎಂದು ಹಾಸ್ಯ ಮಾಡುತ್ತಿದ್ದೆ. ಈಗ ನಾನೇ ತಟ್ಟುತ್ತೇನೆ. ಬ್ರೆಡ್ಡು ಮೊದಲಿಗಿಂತ ಚೆನ್ನಾಗಿ ಬರುತ್ತಿದೆ ಎಂದು ಸಲೂನಿನವನೇ ಒಪ್ಪಿಕೊಂಡಿದ್ದಾನೆ.

ನಾನು ಸುಖವಾಗಿದ್ದೇನೆ ಮಗಳೇ. ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತೇನೆ. ಮಾಳಿಗೆಯ ಮೆಟ್ಟಿಲನ್ನು ನಡುವೆ ಕೂರದೆ ಹತ್ತುತ್ತೇನೆ. ಪಾದದ ಹುಣ್ಣು ಮಾಯ್ದು ಬರೀ ಕಲೆ ಉಳಿದಿದೆ. ನೀನು ಏನೇ ನಿರ್ಧರಿಸಿದರೂ ನಾನು ನಿನ್ನ ಕಡೆ. ಹೂಂ ಅಂದರೆ ಆಸ್ಪತ್ರೆಯ ಬೆಂಚಿನ ಮೇಲೆ ನಾನು ಕೂತಿರುತ್ತೇನೆ. ಆ ಬೆಂಚಿನಲ್ಲಿ ಈಗ ನನ್ನ ಪಕ್ಕ ಇನ್ನೊಬ್ಬರಿಗೂ ಜಾಗವಿರುತ್ತದೆ. ನಿನ್ನ ರಸ್ತೆಗಳೆಲ್ಲ ನೇರವಾಗಿರಲಿ, ಕಾಲಿಗೆ ಬ್ರೇಕು ಸಿಗುತ್ತಿರಲಿ, ನೂರು ವರ್ಷ ಬಾಳು.

ನಿನ್ನ
ಅಮ್ಮ

ಮ.ವಿ.: ನಿನ್ನ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲವೆಂದು ಗೊತ್ತು. ಲಕೋಟೆ ಅಂಟಿಸಲು ಹೋಗಿ ಮತ್ತೆ ಬಿಚ್ಚಿದೆ.

ಮೊದಲ ಭಟ್ಟಿಯ ಮೊದಲ ಬನ್ನನ್ನು ನಾನೂ ನಿಮ್ಮಪ್ಪನೂ ಮುರಿದು ಅರ್ಧರ್ಧ ತಿನ್ನುತ್ತಿದ್ದುದು ನಿನಗೆ ನೆನಪಿರಬೇಕು. ಅವರು ಹೋದ ಮೇಲೂ ನಾನು ಮುರಿಯುವುದನ್ನು ಬಿಡಲಿಲ್ಲ. ನನ್ನ ಅರ್ಧ ತಿಂದು, ಅವರದನ್ನೂ ತಿನ್ನುತ್ತಿದ್ದೆ. ತಟ್ಟೆ ಖಾಲಿಯಾಗುತ್ತಿತ್ತು, ದಿನ ಶುರುವಾಗುತ್ತಿತ್ತು. ನಾನು ಅತ್ತಿದ್ದನ್ನು ಯಾರೂ ನೋಡಲಿಲ್ಲ ಎನ್ನುತ್ತಾರೆ. ನಾನು ಅಳಲೇ ಇಲ್ಲ ಪುಟ್ಟಿ, ತಿಂದೆ. ಆಪರೇಷನ್ನಾದ ಮೇಲೆ ಬನ್ನು ತಿನ್ನಬಹುದೆಂದು ಡಾಕ್ಟರಮ್ಮ ಒಪ್ಪಿದ ದಿನ ಮುರಿದೆ. ನನ್ನ ಅರ್ಧದಲ್ಲಿ ಒಂದು ಚೂರಿಗೇ ಸಾಕಾಯಿತು. ಅವರ ಅರ್ಧ ತಟ್ಟೆಯಲ್ಲೇ ಉಳಿಯಿತು. ಅವರು ಹೋದದ್ದು ಅವತ್ತೇ ಎಂಬಂತೆ ಕೂತುಬಿಟ್ಟೆ. ನಾನು ಕಳೆದುಕೊಂಡದ್ದು ಇದು: ಆ ತಟ್ಟೆಯನ್ನು ಖಾಲಿ ಮಾಡುವ ಶಕ್ತಿ. ಹಾರ್ಮೋನಿನ ಹಸಿವನ್ನು ಡಾಕ್ಟರಮ್ಮ ತೆಗೆದರು. ಅದರ ಅಡಿಯಲ್ಲಿದ್ದುದನ್ನು ತೆಗೆಯುವ ಕತ್ತರಿ ಅವರ ಹತ್ತಿರ ಇರಲಿಲ್ಲ. ಹೂಂ ಅನ್ನುವ ಮೊದಲು ನೀನು ಯಾರ ಅರ್ಧ ತಿನ್ನುತ್ತಿದ್ದೀಯ ಎಂದು ನೋಡಿಕೋ. ಯಾರದೂ ಇಲ್ಲದಿದ್ದರೆ ಸಂತೋಷ. ಇದ್ದರೆ ನನಗೆ ಬರೆ, ಅಷ್ಟೇ. ಬೇಡ ಅನ್ನಲು ಅದು ಕಾರಣವಲ್ಲ.

ಆ ಅರ್ಧವನ್ನು ಈಗ ನಿನ್ನ ಚಿಕ್ಕಪ್ಪ ಕೇಳದೆಯೇ ಎತ್ತಿಕೊಂಡು ಚಹಾದಲ್ಲಿ ಅದ್ದುತ್ತಾನೆ. ಮೊನ್ನೆ ಅದ್ದುತ್ತಾ, "ಅಣ್ಣಂಗೆ ತಳ ಒಂಚೂರು ಕಂದಿದ್ರೇನೇ ಇಷ್ಟ, ಅಲ್ವಾ ಅತ್ತಿಗೆ?" ಎಂದ. ಎಷ್ಟು ವರ್ಷಗಳ ಮೇಲೆ ಈ ಮನೆಯಲ್ಲಿ ಅವರ ಮಾತು ಬಂತು ಗೊತ್ತಾ. ಚಹಾ ಆರುವವರೆಗೂ ಇಬ್ಬರೂ ಮಾತಾಡಿದೆವು. ಮರುದಿನದಿಂದ ಒಂದು ಬನ್ನನ್ನು ಭಟ್ಟಿಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಬಿಡುತ್ತಿದ್ದೇನೆ.