ಬೆಟ್ಟದ ಮೇಲಿನ ಹಿಮದ ಕುದುರೆ

ಮೇ ೧೯, ಸೋಮವಾರ

ಟೊಮೇಟೊ ಸಸಿಗಳನ್ನು ಇವತ್ತೂ ನೆಡಲಿಲ್ಲ. ನಮ್ಮ ಯಜಮಾನರು ತೊಕುಜಿ ತೀರಿಕೊಳ್ಳುವ ಮುಂಚೆ ಕೈಯಾರೆ ಎತ್ತಿಟ್ಟ ಬೀಜದವು. ಇವು ಹೋದರೆ ಆ ಬೀಜ ಮತ್ತೆ ಸಿಗುವುದಿಲ್ಲ.

ಅವರು ಎದುರಿನ ಬೆಟ್ಟ ನೋಡಿಯೇ ನೆಡುತ್ತಿದ್ದರು. ಹಿಮ ಕರಗುತ್ತಾ ಅಲ್ಲಿ ಬಿಳಿ ಕುದುರೆಯ ಆಕಾರವೊಂದು ಮೂಡುತ್ತದಂತೆ. ಅದರ ಕುತ್ತಿಗೆ ಕರಗಿದ ಮೇಲೆ ಸಸಿ ಸುಡುವ ಚಳಿ ಬರುವುದಿಲ್ಲವಂತೆ. ಮೂವತ್ತೆಂಟು ವರ್ಷ ಬೆರಳು ಮಾಡಿ ತೋರಿಸಿದರು. "ಎಲ್ಲಿಯ ಕುದುರೆ? ನನಗೆ ಮೂಲಂಗಿ ಕಾಣ್ತಿದೆ" ಎಂದು ನಗುತ್ತಿದ್ದೆ.

ಶನಿವಾರ ಪಕ್ಕದ ಮನೆಯ ಹಿಸಾನೊ, "ಚಳಿ ಮುಗೀತು ಅಂತ ಟೀವಿಯಲ್ಲೇ ಹೇಳಿದ್ರು ಅಕ್ಕಾ. ಇನ್ನೇನು, ಕುದುರೆ ಬಂದು ನೆಟ್ಟುಕೊಡುತ್ತಾ?" ಎಂದು ರೇಗಿಸಿ, ತನ್ನ ಅರವತ್ತು ಸಸಿ ನೆಟ್ಟಳು. ನನಗೆ ಕುದುರೆ ಕಂಡಿರಲಿಲ್ಲ. ಆದರೂ ಅವರ ಬೀಜ, ನೆಡಲು ಕೈ ಬರಲಿಲ್ಲ.

ಇವತ್ತು ಬೆಳಗ್ಗೆ ಅವಳ ಹೊಲ ಬೆಳ್ಳಗೆ ಹೆಪ್ಪುಗಟ್ಟಿತ್ತು. ಬಿಸಿಲು ಬಿದ್ದಂತೆ ಸಸಿಗಳೆಲ್ಲ ಕಪ್ಪಾದವು. ಹಿಸಾನೊ ಬದುವಿನ ಮೇಲೆ ಕೂತು, "ನಿಮಗೆ ಹೇಗೆ ಗೊತ್ತಾಯ್ತು ಅಕ್ಕಾ?" ಎಂದಳು. ಬೆಟ್ಟದ ಕಡೆ ತಲೆಯೆತ್ತಿದೆ. ಕುದುರೆ ನಿಂತಿತ್ತು. ಕಿವಿ, ಬೆನ್ನು, ಎತ್ತಿದ ಮುಂಗಾಲು. ಕುತ್ತಿಗೆ ಇನ್ನೂ ಗಟ್ಟಿಯಾಗಿತ್ತು. ಅಷ್ಟು ದೊಡ್ಡದು, ಇಷ್ಟು ವರ್ಷ ಕಣ್ಣೆದುರೇ.

ಕುತ್ತಿಗೆ ಕರಗಿದ ದಿನ ಹಿಸಾನೊಗೆ ಈ ಸಸಿಗಳಲ್ಲಿ ಅರ್ಧ ಕೊಡಬೇಕು.

ಈಗಷ್ಟೇ ಅವರ ಫೋಟೊ ಮುಂದೆ ಚಹಾ ಇಟ್ಟು ಹೇಳಿದೆ. ಮೂಲಂಗಿ ಅಲ್ಲ ಕಣ್ರೀ, ಕುದುರೆನೇ.