ದೋಣಿಗೆ ಅಂಟಿಸಿದ ಚೀಟಿ

ವಾಸು,

ನೀನು ಉಡುಪಿಯಿಂದ ಬರುವಾಗ ನಾನು ಮನೆಯಲ್ಲಿ ಇರುವುದಿಲ್ಲ. ಒಲೆಯ ಮೇಲೆ ಗಂಜಿ ಉಂಟು, ಮೊದಲು ಉಣ್ಣು.

ನಿನ್ನೆ ನಮ್ಮ ದೋಣಿಯ ಮೂತಿಗೆ ಗುರುತಿಲ್ಲದ ಅಕ್ಷರದ ಚೀಟಿ ಅಂಟಿಸಿ ಇತ್ತು. ಮಾಟ ಎಂದು ಹೇಳಿ ಒಬ್ಬನೂ ದೋಣಿ ಹತ್ತಲಿಲ್ಲ. ಮಾಡಿಸಿದ್ದು ಪಕ್ಕದ ದೋಣಿಯ ಕಾಂತಪ್ಪನೇ ಎಂದು ನಾನು ಹುಟ್ಟು ಹಿಡಿದುಕೊಂಡು ಅವನ ಅಂಗಳಕ್ಕೆ ಹೋದೆ. ತಾನಲ್ಲ ಎಂದ. ಎರಡನೇ ಪೆಟ್ಟಿಗೆ ಅವನ ಬಲಗೈ ಮುರಿಯಿತು. ಆಮೇಲೂ ಹೊಡೆದೆ.

ಇವತ್ತು ಬೆಳಿಗ್ಗೆ ಉಪ್ಪಿನ ಭರಣಿಯ ಮೇಲೆ ಅದೇ ಅಕ್ಷರ ಕಂಡಿತು. ಬಾಗಿಲಿನಲ್ಲಿಯೂ ಉಂಟು, ಕೊಡಪಾನದಲ್ಲಿಯೂ ಉಂಟು. "ಬಲ್ಗೇರಿಯಕ್ಕೆ ಓದಲಿಕ್ಕೆ ಹೋಗುವವ ಅಲ್ವಾ, ಅಲ್ಲಿಯ ಶಬ್ದ ಕಲಿಯಲಿಕ್ಕೆ ವಾಸು ಅಂಟಿಸಿದ್ದು" ಎಂದು ಅಮ್ಮ ಹೇಳಿದರು.

ದೋಣಿಗೆ ದೋಣಿ ಎಂದು ಬರೆದು ಅಂಟಿಸುವ ಬುದ್ಧಿ ನಿನಗೆ ಎಂತಕ್ಕೆ ಬಂತು ಮಾರಾಯ? ಆಗ ಕೈಗೆ ಸಿಕ್ಕಿದ್ದರೆ ನಿನ್ನ ಹಲ್ಲು ಉದುರಿಸುತ್ತಿದ್ದೆ.

ಮನೆಯೊಳಗಿನ ಚೀಟಿ ಕೀಳಬೇಡ, ಕಲಿ. ದೋಣಿಯವರು ಬಂದರೆ ನಿಜ ಹೇಳು. ಅಮ್ಮನನ್ನು ಕಾಂತಪ್ಪನ ಮನೆ ಕಡೆ ಬಿಡಬೇಡ.

ಹುಟ್ಟು ಹುಡುಕಬೇಡ, ನಾನೇ ಕೊಂಡುಹೋಗಿದ್ದೇನೆ. ಕಾಂತಪ್ಪನಿಗೆ ಎಡಗೈ ಇನ್ನೂ ಸರಿ ಉಂಟಲ್ಲ, ಹುಟ್ಟನ್ನು ಆ ಕೈಗೆ ಕೊಡುತ್ತೇನೆ. ಮಧ್ಯಾಹ್ನ ಕಳೆದ ಮೇಲೆ ಗಾಡಿ ಮಾಡಿಕೊಂಡು ಅವನ ಅಂಗಳಕ್ಕೆ ಬಾ. ನನಗೆ ನಡೆಯಲಿಕ್ಕೆ ಆಗಲಿಕ್ಕಿಲ್ಲ.

ನಿನ್ನ ಅಣ್ಣ ದೂಮಪ್ಪ