ಮೂರನೇ ಸಲದ ಕರೆ

ಮನೆಯಿಂದ,
ಮಾರ್ಚ್ ೧೪, ಗುರುವಾರ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ಕೆಮ್ಮು ಹೋಯಿತೆ? ಹಾಸ್ಟೆಲಿನಲ್ಲಿ ಬಿಸಿನೀರು ಬರುತ್ತಿದೆಯೋ, ಇಲ್ಲ ವಾರ್ಡನ್ನಿಗೆ ನಿನ್ನ ಬಾಯಿಯ ರುಚಿ ತೋರಿಸಬೇಕಾಯಿತೋ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅವಳಿಗಳ ಜಗಳ ಯಥಾಪ್ರಕಾರ, ಚಿಕ್ಕವನಿಗೆ ಮುಂದಿನ ಹಲ್ಲು ಬಿದ್ದಿದೆ.

ನಿನ್ನ ಕಾಗದ ಬಂದ ದಿನ ನಾನು ಪಟ್ಟ ಪಾಡು ಕೇಳು. ಮೊದಲ ಪುಟದಲ್ಲಿ ‘ಕ್ಲಿನಿಕ್ಕಿಗೆ ಹೋಗಿ ನರ್ಸಮ್ಮನ ಹತ್ತಿರ ಎಲ್ಲ ಕೇಳ್ಕೊಂಡು ಬಂದೆ’ ಎಂದು ಓದಿದ್ದೇ ತಡ, ಕಾಗದ ಅಲ್ಲೇ ಮಡಚಿಟ್ಟೆ. ಮದುವೆಗೆ ಮುಂಚೆಯೇ ಹುಡುಗಿ ಏನೋ ಮಾಡಿಕೊಂಡಳೆಂದು ಬಚ್ಚಲುಮನೆ ಸೇರಿ ಅತ್ತೂ ಆಯಿತು. ಎರಡನೇ ಪುಟಕ್ಕೆ ಬಂದಾಗಲೇ ಗೊತ್ತಾಗಿದ್ದು, ನೀನು ಕೇಳಿಕೊಂಡು ಬಂದದ್ದು ನನಗಾಗಿ ಎಂದು. ಬಸಿರಾಗದಂತೆ ಮಾತ್ರೆ, ಇಂಜೆಕ್ಷನ್, ಕಾಪರ್-ಟಿ, ಒಂದೊಂದಕ್ಕೂ ಚಿತ್ರ ಬೇರೆ. ನಾಚಿಕೆಯೂ ಆಯಿತು, ನಗುವೂ ಬಂತು. ಹೆತ್ತ ತಾಯಿಗೆ ಇಂಥ ಕಾಗದ ಬರೆಯುವ ಧೈರ್ಯ ನಿನಗೆ ಎಲ್ಲಿಂದ ಬಂತೋ, ನನ್ನಿಂದಂತೂ ಅಲ್ಲ.

ಪುಸ್ತಕ ಬೈಂಡಿಂಗ್ ಕಾರ್ಖಾನೆಯಲ್ಲಿ ಹೊಲಿಗೆ ವಿಭಾಗದ ಮೇಲ್ವಿಚಾರಕಿಯಾಗು ಎಂದು ಹಿಂದೆ ಎರಡು ಸಲ ಕರೆದಿದ್ದರಲ್ಲ, ಮೊದಲ ಸಲ ಅವಳಿಗಳು ಹೊಟ್ಟೆಯಲ್ಲಿ, ಎರಡನೇ ಸಲ ಚಿಕ್ಕವನು. ಪಕ್ಕದ ಮೇಜಿನವಳು ಆ ಜಾಗಕ್ಕೆ ಏರಿದಳು. ಅವಳಿಗೆ ಸೂಜಿ ಹಿಡಿಯಲು ಕಲಿಸಿದ್ದೇ ನಾನು. ನಿಮ್ಮನ್ನು ಹೆತ್ತದ್ದಕ್ಕೆ ಎಳ್ಳಷ್ಟೂ ಬೇಸರವಿಲ್ಲ ಕಣೇ, ಆದರೆ ಸರದಿ ಕೈತಪ್ಪಿದ ಸಂಕಟ ಇತ್ತು. ಈಗ ನಲವತ್ತೊಂದರ ವಯಸ್ಸಿಗೆ, ಹಿಂದಿನ ಕಾಗದದಲ್ಲಿ ಬರೆದ ಹಾಗೆ, ಮತ್ತೆ ಕರೆದಿದ್ದಾರೆ. ಮೊದಲ ಎರಡು ವರ್ಷ ಹೆರಿಗೆಯಂಥ ಉದ್ದನೆಯ ರಜೆ ಹಾಕುವ ಹಾಗಿಲ್ಲ, ಶನಿವಾರದೊಳಗೆ ಉತ್ತರ ಕೇಳಿದ್ದಾರೆ.

ನೀನು ಜಾಣೆ. ಸರ್ವೆ ತರಬೇತಿ ಮುಗಿದು ಕೆಲಸ ಸಿಕ್ಕ ಮೇಲೆ ಮದುವೆ, ಆಮೇಲೆ ಮಗು ನಮಗೆ ಬೇಕೆನಿಸಿದಾಗ ಎಂದು ಹುಡುಗನ ಮನೆಯವರೆದುರೇ ಕೂತು ಹೇಳಿದೆ. ಪಾಪ, ಆ ಹುಡುಗನೂ ಹೂಂಗುಟ್ಟಿದ. ನಿನ್ನ ಸೋದರತ್ತೆ ‘ಹುಡುಗಿಗೆ ಬಾಯಿ ಜೋರು’ ಎಂದು ಮೂಗು ಮುರಿದರು, ನಾನು ಒಳಗೊಳಗೇ ಬೀಗಿದೆ. ನಿನ್ನ ವಯಸ್ಸಿನಲ್ಲಿ ಹಾಗೆ ಹೇಳಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡು. ನಿನ್ನ ಕಲಿಕೆ ನಿನ್ನ ಕೈ ಹಿಡಿಯಲಿ.

ನಿನ್ನ ಅಮ್ಮ

ಮರೆತಿದ್ದೆ: ನಿನ್ನೆ ಕ್ಲಿನಿಕ್ಕಿಗೆ ಹೋಗಿ ಕಾಪರ್-ಟಿ ಹಾಕಿಸಿಕೊಂಡೆ. ನಿಮ್ಮಪ್ಪ ಹೊರಗಿನ ಬೆಂಚಿನಲ್ಲಿ ನನ್ನ ಕೈಚೀಲ ತಬ್ಬಿಕೊಂಡು ತಲೆ ತಗ್ಗಿಸಿ ಕೂತಿದ್ದರು. ಅಲ್ಲಿಂದ ನೇರ ಕಾರ್ಖಾನೆಗೆ ಹೋಗಿ ಸಹಿ ಹಾಕಿದೆ. ಸೋಮವಾರದಿಂದ ಇಪ್ಪತ್ತು ಜನ ನನ್ನ ಕೈಕೆಳಗೆ. ಅವರಲ್ಲಿ ಇಬ್ಬರು ಹುಡುಗಿಯರಿಗೆ ಮದುವೆ ಗೊತ್ತಾಗಿದೆ. ನಿನ್ನ ಕಾಗದ ಅವರಿಗೆ ಓದಲು ಕೊಡಲೇ?